ಎಡಗೈ ಗ್ಲೌಸು

ನಮ್ಮ ಮನೆಯಲ್ಲಿ ಗುಲಾಬಿ ಸವರುವ ಗ್ಲೌಸುಗಳು ಮೂರಿವೆ. ಮೂರೂ ಬಲಗೈಯವು. ಎಡಗೈಯದು ಒಂದೂ ಇಲ್ಲ. ಕತ್ತರಿ ಹಿಡಿಯುವುದು ಬಲಗೈ, ಮುಳ್ಳುಕಡ್ಡಿ ಹಿಡಿಯುವುದು ಎಡಗೈ. ಕೆಲಸ ಮಾಡಿದ ಹೆಸರು ಬಲಗೈಗೆ, ಹರಿದುಹೋಗುವುದು ಎಡಗೈಯದು. ಆದರೂ ಗ್ಲೌಸು ಮಾರುವವರು ಜೋಡಿ ಬಿಡಿಸಿ ಕೊಡುವುದಿಲ್ಲ. ಎಡಗೈಯದನ್ನೇ ಬಿಡಿಯಾಗಿ ಮಾರುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ಹಿಮ ಕರಗಿತ್ತು. ಫೋರ್ಸಿಥಿಯ ಪೊದೆ ಹಳದಿ ಹೂ ಬಿಟ್ಟಿತ್ತು. ಚಳಿ ಊರುಗಳಲ್ಲಿ ಗುಲಾಬಿ ಸವರುವುದಕ್ಕೆ ಅದೇ ಪಂಚಾಂಗ. ಇನ್ನು ಕಾಯುವ ಹಾಗಿರಲಿಲ್ಲ. ಬಲಗೈ ಗ್ಲೌಸನ್ನೇ ತಿರುಗಿಸಿ ಎಡಗೈಗೆ ಹಾಕಿಕೊಂಡೆ. ದಪ್ಪ ಚರ್ಮವೆಲ್ಲ ಕೈ ಹಿಂದಕ್ಕೆ ಹೋಯಿತು. ತೆಳು ಬಟ್ಟೆ ಅಂಗೈಗೆ ಬಂತು. ಮೊದಲ ಮುಳ್ಳಿಗೆ ಇದು ಗೊತ್ತಾಯಿತು.

ಹೀಗೆ ಸವರುತ್ತಿರುವಾಗ ಗುಲಾಬಿಯ ಬಗ್ಗೆ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದು. ಅದಕ್ಕೆ ಮೊದಲು ತೋಟಗಾರಿಕೆಯ ಪುಸ್ತಕಗಳನ್ನು ಸ್ವಲ್ಪ ಬೈಯಬೇಕಿದೆ.

'ಹೊರಮುಖದ ಕಣ್ಣಿನಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ' ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಣ್ಣು ಅಂದರೆ ಕಡ್ಡಿಯಲ್ಲಿ ಚಿಗುರೊಡೆಯುವ ಜಾಗ. ಪಕ್ಕದಲ್ಲೊಂದು ಚಿತ್ರ. ಚಿತ್ರದ ಕಡ್ಡಿ ಹಸಿರಾಗಿರುತ್ತದೆ, ಕಣ್ಣು ದುಂಡಗೆ ಬೇಕಾದಲ್ಲೇ ಕೂತಿರುತ್ತದೆ. ನನ್ನ ಗಿಡದಲ್ಲಿ ಕಣ್ಣುಗಳೆಲ್ಲ ಒಳಕ್ಕೇ ನೋಡುತ್ತವೆ. ಹೊರಕ್ಕೆ ನೋಡುವುದು ಒಂದೋ ಎರಡೋ, ಅವೂ ಸತ್ತ ಭಾಗದಲ್ಲಿ. ಕಡ್ಡಿ ಮೇಲೆ ಹಸಿರಾಗಿದ್ದರೂ ನಂಬುವ ಹಾಗಿಲ್ಲ. ಕತ್ತರಿಸಿ ನೋಡಿದರೆ ತಿರುಳು ಕಂದು. ಇನ್ನಷ್ಟು ಕೆಳಗೆ ಕತ್ತರಿಸಿದರೂ ಕಂದು. ಬಿಳಿ ತಿರುಳು ಕಾಣುವ ಹೊತ್ತಿಗೆ ನೆಲದಿಂದ ನಾಲ್ಕು ಬೆರಳು ಮೇಲಿರುತ್ತೇನೆ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಚಳಿಗಾಲ ಆಗಲೇ ತೀರ್ಮಾನ ಮಾಡಿರುತ್ತದೆ. ನಾನು ಬರೀ ಸಹಿ ಹಾಕುವವನು.

"ಅಷ್ಟೊಂದು ಕತ್ತರಿಸಿದ್ರೆ ಪಾಪ, ಗಿಡಕ್ಕೆ ನೋವಾಗಲ್ವಾ?" ಬೇಲಿಯಾಚೆಯಿಂದ ದನಿ. ಪಕ್ಕದ ಮನೆಯವರು. ಇವರೇ ಚಳಿ ಶುರುವಾದಾಗ, ನಾನು ಗಿಡದ ಬುಡಕ್ಕೆ ಒಂದು ಅಡಿ ಮಣ್ಣು ಏರಿಸುತ್ತಿದ್ದರೆ, "ಕಂಬಳಿ ಹೊದಿಸ್ತಿದ್ದೀರಾ?" ಅನ್ನುವವರು. ಕಂಬಳಿಯಲ್ಲ ಸ್ವಾಮಿ. ನಡುಚಳಿಗಾಲದಲ್ಲಿ ಎರಡು ದಿನ ಬಿಸಿಲು ಕಾಯುತ್ತದೆ, ಕಡ್ಡಿ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಗಿಡ ಸೋಲುವುದು ಈ ಆಟಕ್ಕೇ ಜಾಸ್ತಿ. ಮಣ್ಣು ಹಾಕುವುದು ಬೆಚ್ಚಗಿಡಲು ಅಲ್ಲ, ತಣ್ಣಗಿದ್ದದ್ದು ತಣ್ಣಗೇ ಇರಲಿ ಅಂತ. ಇದನ್ನು ಐದು ಚಳಿಗಾಲ ವಿವರಿಸಿದ್ದೇನೆ. ಐದು ಸಲವೂ "ಹೌದಾ!" ಅಂದಿದ್ದಾರೆ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. "ನೀವು ಕೈ ಹಾಕದ ಆ ಕೆಂಪು ಗುಲಾಬಿ ನೋಡಿ, ಎಷ್ಟು ಚೆನ್ನಾಗಿ ಬರುತ್ತೆ!"

ಆ ಕೆಂಪು ಗುಲಾಬಿಯ ಕಥೆ ಹೇಳಲೇಬೇಕು. ನಾನು ನೆಟ್ಟದ್ದು ಅದನ್ನಲ್ಲ. ನೆಟ್ಟದ್ದು 'ಪೀಸ್'. ಫ್ರಾನ್ಸಿನ ಫ್ರಾನ್ಸಿಸ್ ಮೆಯಾನ್ ಬೆಳೆಸಿದ ತಳಿ. ಯುದ್ಧ ಮುಗಿಯುತ್ತಿದ್ದ 1945ರಲ್ಲಿ ಆ ಹೆಸರು ಬಂತು. ಹಳದಿ ಹೂ, ಎಸಳಿನ ಅಂಚಿಗೆ ಗುಲಾಬಿ ಬಣ್ಣ. ಕಸಿ ಗಂಟು, ಅಂದರೆ ಒಂದು ಗಿಡದ ಬೇರಿಗೆ ಇನ್ನೊಂದನ್ನು ಕೂಡಿಸಿದ ಜಾಗ, ನೆಲದ ಮೇಲಿರಲಿ ಅಂತ ಚೀಟಿಯಲ್ಲಿತ್ತು, ಹಾಗೇ ನೆಟ್ಟೆ. ಚಳಿ ಜಾಸ್ತಿ ಇರುವ ಕಡೆ ಗಂಟನ್ನು ಎರಡು ಮೂರು ಇಂಚಾದರೂ ಹೂಳಬೇಕು. ಚೀಟಿ ಬರೆದವರು ಬೆಚ್ಚಗಿನ ಕೋಣೆಯಲ್ಲಿ ಕೂತು ಬರೆದಿರಬೇಕು.

ಮೊದಲ ಚಳಿಗೇ ಶಾಂತಿ ಹೋಯಿತು. ವಸಂತದಲ್ಲಿ ಬುಡದಿಂದ ಚಿಗುರು ಬಂತು. ಬದುಕಿತು ಅಂತ ಮನೆಯವರಿಗೆಲ್ಲ ತೋರಿಸಿದೆ. ಗೊಬ್ಬರ ಹಾಕಿದೆ. ಆ ವರ್ಷ ಆಳೆತ್ತರ ಬೆಳೆಯಿತು, ಹೂವಿಲ್ಲ. ಮುಂದಿನ ವರ್ಷ ಬಂದ ಹೂ ಕಡುಗೆಂಪು, ನಡುವೆ ಹಳದಿ ಕೇಸರ. ಹಳದಿ ಹುಡುಗಿಯ ಮದುವೆಗೆ ಬಂದವನಿಗೆ ಬೇರೆ ಯಾರನ್ನೋ ತಂದು ಕೂರಿಸಿದ ಹಾಗಾಯಿತು.

ವಿಚಾರಿಸಿದರೆ, ಅದು ಕಸಿಯ ಕೆಳಗಿನ ಬೇರುಗಿಡ. ಹೆಸರು 'ಡಾಕ್ಟರ್ ಹ್ಯೂಯಿ'. ಈ ಹ್ಯೂಯಿ ಫಿಲಡೆಲ್ಫಿಯಾದ ಹಲ್ಲಿನ ಡಾಕ್ಟರು, ಗುಲಾಬಿ ಹುಚ್ಚಿನವರು. ಅವರಿಂದ ಆ ಹುಚ್ಚು ಹತ್ತಿಸಿಕೊಂಡ ಕ್ಯಾಪ್ಟನ್ ಜಾರ್ಜ್ ಥಾಮಸ್ ಈ ತಳಿ ಬೆಳೆಸಿ ಗುರುವಿನ ಹೆಸರಿಟ್ಟರು. ಕ್ಯಾಪ್ಟನ್ ಗಾಲ್ಫ್ ಮೈದಾನಗಳನ್ನು ರೂಪಿಸುವುದರಲ್ಲೂ ದೊಡ್ಡ ಹೆಸರು ಮಾಡಿದವರು. ಇಷ್ಟೆಲ್ಲ ಕೆಲಸದ ನಡುವೆ ನನ್ನ ಅಂಗಳವನ್ನೂ ಬಿಡಲಿಲ್ಲ. ಆ ಗುಲಾಬಿ ಹೂವಿಗಾಗಿ ಹುಟ್ಟಿದ್ದು. ಆಮೇಲೆ ಬೇರು ಗಟ್ಟಿ, ಕಡ್ಡಿ ನೆಟ್ಟರೆ ಸುಲಭವಾಗಿ ಹಿಡಿಯುತ್ತದೆ ಅಂತ ಅಮೆರಿಕದವರು ಅದನ್ನು ನೆಲದೊಳಗೆ ಇಳಿಸಿ, ಮೇಲೆ ಬೇರೆ ಗುಲಾಬಿಗಳನ್ನು ಕೂರಿಸಿದರು. ಮೇಲಿನವರು ಸತ್ತರೆ ಸಾಕು, ಡಾಕ್ಟರು ಎದ್ದು ಬರುತ್ತಾರೆ.

ಬುಡಚಿಗುರನ್ನು ಕತ್ತರಿಸಬಾರದು, ಕಿತ್ತೇ ತೆಗೆಯಬೇಕು ಅನ್ನುತ್ತಾರೆ. ಮೂರು ವರ್ಷ ಕಿತ್ತೆ. ಹಲ್ಲು ಕೀಳುವವರ ಹೆಸರಿನ ಗಿಡವನ್ನೇ ಬೇರುಸಮೇತ ಕೀಳಲಾಗದೆ ಸುಮ್ನೆ ಬಿಟ್ಟೆ. ಅದು ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ, ವರ್ಷಕ್ಕೆ ಒಂದೇ ಸಲ. ವಸಂತದಲ್ಲಿ ಸವರಿದರೆ ಹೂವೇ ಇಲ್ಲ. ಹಾಗಾಗಿ ನಾನು ಕೈ ಹಾಕದಿದ್ದರೆ ಚೆನ್ನಾಗಿ ಬರುತ್ತದೆ ಎಂಬ ಪಕ್ಕದ ಮನೆಯವರ ಮಾತು ನಿಜ. ಅದೇ ಸಿಟ್ಟು.

ಆ ದೊಡ್ಡ ವಿಷಯ ಏನೆಂದರೆ... ಅಷ್ಟರಲ್ಲಿ ಮತ್ತೊಂದು ಮುಳ್ಳು ಅಂಗೈಗೆ ಇಳಿಯಿತು. "ಅಯ್ಯೋ" ಅಂದೆ. ಪಕ್ಕದ ಮನೆಯವರು ಕತ್ತರಿ ಕೈಲಿ ಹಿಡಿದೇ ಬೇಲಿಯ ಹತ್ತಿರ ಬಂದರು. ಕತ್ತರಿ ಇದ್ದದ್ದು ಎಡಗೈಯಲ್ಲಿ. ಐದು ವರ್ಷದಲ್ಲಿ ನಾನದನ್ನು ನೋಡಿಯೇ ಇರಲಿಲ್ಲ.

"ನೀವು ಎಡಚರಾ?"

"ಹೌದಲ್ಲ. ಯಾಕೆ?"

"ನಿಮ್ಮ ಮನೇಲಿ ಎಡಗೈ ಗ್ಲೌಸು ಎಷ್ಟಿದೆ?"

ಅವರು ಯೋಚಿಸಿದರು. "ನಾಲ್ಕು. ಬಲಗೈಯದು ಮಾತ್ರ ಒಂದೂ ನೆಟ್ಟಗಿಲ್ಲ ನೋಡಿ." ಆಮೇಲೆ ಕೆಂಪು ಗುಲಾಬಿಯ ಕಡೆ ನೋಡಿದರು. "ಅದರದ್ದೆರಡು ಕಡ್ಡಿ ಕೊಡ್ತೀರಾ? ಎರಡು ವರ್ಷದಿಂದ ಕೇಳಬೇಕು ಅಂತಿದ್ದೆ."

ಆರು ಕಡ್ಡಿ ಕತ್ತರಿಸಿ ಕೊಟ್ಟೆ. ಡಾಕ್ಟರ ವಿಷಯ ಹೇಳಲಿಲ್ಲ.