ಏರ್‌ಫೈಬರ್ ಅಂದ್ರೆ ಫೈಬರ್ ಅಲ್ಲ

ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಮನೆ ಇಂಟರ್ನೆಟ್ ಬಗ್ಗೆ ಒಂದು ಮೆಸೇಜು ಸುತ್ತುತ್ತಿದೆ: "ಏರ್‌ಫೈಬರ್ ಕೂಡ ಫೈಬರೇ, ವೈರ್ ಎಳೆಯಲ್ಲ ಅಷ್ಟೇ, ಸ್ಪೀಡು ಒಂದೇ." ತಪ್ಪು. ಹೆಸರು ನೋಡಿ ಮೋಸ ಹೋಗಬೇಡಿ.

ಫೈಬರ್‌ನಲ್ಲಿ ಕೂದಲೆಳೆಯಂಥ ಗಾಜಿನೊಳಗೆ ಬೆಳಕು ಓಡಿ ಮನೆಯೊಳಗಿನ ಡಬ್ಬಿಗೇ ಬರುತ್ತದೆ. ಏರ್‌ಫೈಬರ್‌ನಲ್ಲಿ ಬರುವುದು ಟವರಿನ ವೈರ್‌ಲೆಸ್ ಸಿಗ್ನಲ್, ಅದನ್ನು ಹಿಡಿಯಲು ತಾರಸಿ ಮೇಲೊಂದು ಬಿಳಿ ಡಬ್ಬಿ. 2023ರ ಸೆಪ್ಟೆಂಬರ್ 19ರಂದು ಜಿಯೋ ಬೆಂಗಳೂರು ಸೇರಿ 8 ನಗರಗಳಲ್ಲಿ ಶುರು ಮಾಡಿದ್ದು ಇದನ್ನೇ. ಒಂದೇ ಟವರನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳುವುದರಿಂದ, ರಾತ್ರಿ ಊಟದ ಹೊತ್ತಿಗೆ ಎಲ್ಲರೂ ವಿಡಿಯೋ ಹಾಕಿಕೊಂಡು ಕೂತರೆ ಸ್ಪೀಡು ಇಳಿಯಬಹುದು. ಫೈಬರನ್ನೂ ಹಂಚುತ್ತಾರೆ ಬಿಡಿ, ಆದ್ರೆ ಅಲ್ಲಿ ಜಾಗ ಜಾಸ್ತಿ. ನಮ್ಮ ಡಬ್ಬಿಗೂ ಟವರಿಗೂ ನಡುವೆ ಪಕ್ಕದ ಮನೆಯ ಮೂರನೇ ಮಹಡಿ ಎದ್ದ ಮೇಲೆ 90 ಎಂಬಿಪಿಎಸ್ (ಸೆಕೆಂಡಿಗೆ 90 ಮೆಗಾಬಿಟ್) ಇದ್ದ ಸ್ಪೀಡು 35ಕ್ಕೆ ಬಿತ್ತು. ತಪ್ಪು ಕಂಪನಿಯದ್ದಲ್ಲ, ಗೋಡೆಯದ್ದು.

ಹಾಗಂತ ಸುಮ್ನೆ ಬೈಯುವಂಥದ್ದೂ ಅಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮರ ಬಿದ್ದು ಕೇಬಲ್ ತುಂಡಾಗುವ ಕಡೆ, ಬಾಡಿಗೆ ಮನೆಯ ಓನರ್ ಗೋಡೆ ಕೊರೆಯಲು ಬಿಡದ ಕಡೆ ಇದೇ ವಾಸಿ.

ಅದೇ ಮೆಸೇಜಿನಲ್ಲಿ 100 ಎಂಬಿಪಿಎಸ್ ಪ್ಲ್ಯಾನಿಗೆ ಸೆಕೆಂಡಿಗೆ 100 ಎಂಬಿ ಡೌನ್‌ಲೋಡ್ ಆಗುತ್ತೆ ಅಂತಲೂ ಇದೆ. ಎಂಬಿಪಿಎಸ್ ಬಿಟ್ ಲೆಕ್ಕ, ಎಂಬಿ ಬೈಟ್ ಲೆಕ್ಕ ಸ್ವಾಮಿ. 8 ಬಿಟ್‌ಗೆ 1 ಬೈಟ್, ಅಂದರೆ ಹೆಚ್ಚೆಂದರೆ 12.5 ಎಂಬಿ. ಫಾರ್ವರ್ಡ್ ಮಾಡಿದವರು ದಯವಿಟ್ಟು ಇದನ್ನೂ ಅದೇ ಗ್ರೂಪಿಗೆ ಹಾಕಿ.