ಪಂದಿ ಕರಿಗೆ ಪಪ್ಪಾಯಿ ಬಿದ್ದ ದಿನ

ವಿರಾಜಪೇಟೆಗೆ ವರ್ಗವಾಗಿ ಬಂದ ಮೊದಲ ಮಳೆಗಾಲ. ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಿತ್ತು. ಮನೆ ಓನರ್ ಆಂಟಿಯ ಪಂದಿ ಕರಿ, ಅಂದ್ರೆ ಕೊಡಗಿನ ಹಂದಿ ಸಾರು, ಎರಡು ಸಲ ತಿಂದವನಿಗೆ, ಈ ಸಲ ನಾನೇ ಮಾಡಿ ಅವರಿಗೆ ಬಡಿಸಬೇಕು ಅನ್ನೋ ಹುಚ್ಚು ಹತ್ತಿತು.

ಅಂಗಡಿಯವನು ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಿರಬೇಕು. ಎರಡು ಕೆಜಿ ತೂಗಿದ. ಮನೆಗೆ ಬಂದು ಹೆಚ್ಚಲು ಕೂತರೆ ಚಾಕು ಜಾರುತ್ತೆ. ಕೊಬ್ಬು ಹೆಸರಿಗಷ್ಟೇ, ಮಧ್ಯೆ ಬಿಳಿ ನಾರು. ಆ ಹಂದಿ ನನಗಿಂತ ಜಾಸ್ತಿ ಕೊಡಗು ಸುತ್ತಿತ್ತು.

ಉಪ್ಪು, ಅರಿಶಿನ, ಎರಡು ಚಮಚ ಕಾಚಂಪುಳಿ ಹಚ್ಚಿ ಫ್ರಿಡ್ಜ್‌ಗೆ ಇಟ್ಟೆ. ಕಾಚಂಪುಳಿ ಅಂದ್ರೆ ಉಪ್ಪಾಗೆ ಜಾತಿಯ ಹಣ್ಣಿನ ರಸ, ಕರ್‍ರಗೆ ಗಟ್ಟಿಯಾಗುವ ತನಕ ಕುದಿಸಿದ್ದು. ಫ್ರಿಡ್ಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದಿರಲಿ ಅಂತಲೂ ಇದನ್ನೇ ಹಚ್ಚುತ್ತಿದ್ದರಂತೆ. ಅಷ್ಟಕ್ಕೇ ಸುಮ್ನೆ ಮಲಗಬಹುದಿತ್ತು ಅಲ್ವಾ? ರಾತ್ರಿ ಹನ್ನೊಂದಕ್ಕೆ ಅನುಮಾನ ಶುರುವಾಯಿತು. ಹಿತ್ತಲಿನ ಪಪ್ಪಾಯಿ ಕಾಯಿ ನೆನಪಾಯಿತು. ಮಾಂಸ ಮೆತ್ತಗಾಗಲು ಅದನ್ನು ರುಬ್ಬಿ ಒಂದು ಚಮಚ ಹಾಕಿದರೆ ಸಾಕು ಅಂತ ಎಲ್ಲೋ ಕೇಳಿದ್ದೆ. ಹಂದಿಯ ವಯಸ್ಸು ನೋಡಿ ಅರ್ಧ ಕಾಯಿ ರುಬ್ಬಿ ಹಾಕಿದೆ.

ಬೆಳಗ್ಗೆ ನೋಡಿದರೆ ಮಾಂಸ ಹಾಗೇ ಇತ್ತು. ಮೋಸ ಹೋದೆ ಅಂದುಕೊಂಡೆ. ಪಪ್ಪಾಯಿಯಲ್ಲಿ ಮಾಂಸ ಮೆತ್ತಗೆ ಮಾಡುವ ಪಪೈನ್ ಅನ್ನೋ ಕಿಣ್ವ ಚಳಿಗೆ ಮುದುಡಿ ಕೂತಿರುತ್ತೆ, 60-70 ಡಿಗ್ರಿ ಬಿಸಿಯಾದಾಗ ಎದ್ದು ಕೆಲಸಕ್ಕೆ ಇಳಿಯುತ್ತೆ ಅನ್ನೋದು ಆಮೇಲೆ ಗೊತ್ತಾಯಿತು. ನನ್ನ ಆಫೀಸಿನ ಕೆಲವರ ಹಾಗೆ, ಗಡುವಿನ ದಿನವೇ.

ಸಣ್ಣ ಉರಿಯಲ್ಲಿ ಇಟ್ಟು ಮಸಾಲೆ ಹುರಿಯಲು ನಿಂತೆ. ಮೆಣಸು, ಜೀರಿಗೆ, ಸಾಸಿವೆ, ಕೊತ್ತಂಬರಿ ಕಪ್ಪಾಗುವ ತನಕ. ತಿರುಗಿ ಬಂದು ಸೌಟು ಹಾಕಿದೆ. ಪಾಯಸಕ್ಕೆ ಹಾಕಿದಂತೆ ಇಳಿಯಿತು. ತುಂಡುಗಳ ಅಂಚು ಕರಗಿ, ನಡುವಿನದು ಹಿಟ್ಟಿನಂತಾಗಿತ್ತು. ಚರ್ಮ ಮಾತ್ರ ತಾನು ಹಂದಿಯದು ಅಂತ ಒಪ್ಪಿಕೊಳ್ಳುತ್ತಿತ್ತು.

ಆಂಟಿ ಬಂದರು. ಕಡಂಬುಟ್ಟು, ಅಂದ್ರೆ ಅಕ್ಕಿ ತರಿಯ ಉಂಡೆ, ಮುರಿದು ಅದ್ದಿದರು. ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಎಷ್ಟು ಸೀಟಿ ಹಾಕಿಸಿದ್ರಿ?"

"ಕುಕ್ಕರ್ ಇಟ್ಟೇ ಇಲ್ಲ ಆಂಟಿ."

"ಅಯ್ಯೋ ದೇವರೇ," ಅಂದು ಒಂದು ಡಬ್ಬಿ ಕೇಳಿದರು. ನಾಯಿಗಿರಬೇಕು ಅಂತ ತುಂಬಿಸಿ ಕೊಟ್ಟೆ.

ಡಬ್ಬಿ ಸಂಜೆ ತೊಳೆದು ವಾಪಸ್ ಬಂತು. ಹೋಗಿದ್ದು ನಾಯಿಗಲ್ಲ, ಆಂಟಿಯ ಅತ್ತೆಗೆ. ಹಲ್ಲು ಹೋದ ಮೇಲೆ ಪಂದಿ ಮುಟ್ಟದ ಅಜ್ಜಿ ಎರಡು ಸಲ ಹಾಕಿಸಿಕೊಂಡಿದ್ದರಂತೆ. ಉಳಿದ ಅರ್ಧ ಪಪ್ಪಾಯಿ ಇನ್ನೂ ಇದೆಯಾ ಅಂತ ಕೇಳಿ ಕಳಿಸಿದ್ದರು.