ಸ್ಪಷ್ಟನೆ: ಗಟ್ಟಿಯಾದ ನಾಲಿಗೆ ಹುಣ್ಣೆಲ್ಲ ಕ್ಯಾನ್ಸರ್ ಅಲ್ಲ, ಬಯಾಪ್ಸಿಯಿಂದ ರೋಗ ಹರಡುವುದೂ ಇಲ್ಲ

ಕೋಲಾರ, ಚಿಂತಾಮಣಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ನಾಲಿಗೆ ಹುಣ್ಣಿನ ಅಂಚು ಗಟ್ಟಿಯಾದರೆ ಅದು ಕ್ಯಾನ್ಸರೇ, ಚೂರು ಕತ್ತರಿಸಿ ಪರೀಕ್ಷಿಸಿದರೆ ಮೈಗೆಲ್ಲ ಹರಡುತ್ತದೆ" ಎಂಬ ಸಂದೇಶ ಓಡಾಡುತ್ತಿದೆ. ಎರಡು ಮಾತೂ ತಪ್ಪು. ಹೀಗೆ ಚೂರು ತೆಗೆದು ಪರೀಕ್ಷಿಸುವುದನ್ನೇ ಬಯಾಪ್ಸಿ ಎನ್ನುತ್ತಾರೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಗಟ್ಟಿ ಅಂಚು ಕಂಡರೆ ಸಂಶಯಪಡಬೇಕು, ನಿಜ. ಆದರೆ ಇಯೊಸಿನೊಫಿಲಿಕ್ ಹುಣ್ಣು ಎಂಬ ಅಪರೂಪದ, ಕ್ಯಾನ್ಸರ್ ಅಲ್ಲದ ಹುಣ್ಣೂ ಹಾಗೆಯೇ ಕಾಣುತ್ತದೆ: ನಾಲಿಗೆಯ ಪಕ್ಕದಲ್ಲಿ ಉಬ್ಬಿದ ಅಂಚು, ನಡುವೆ ಹಳದಿ ಪೊರೆ. ಬಹಳ ಸಲ ಅದರ ಎದುರಿಗೇ ಮುರಿದ ದವಡೆ ಹಲ್ಲೊಂದು ಚೂಪಾಗಿ ನಿಂತಿರುತ್ತದೆ. ಉರಿಯೂತ ಸ್ನಾಯುವಿನ ಆಳಕ್ಕೆ ಇಳಿದಿರುವುದರಿಂದ ತಿಂಗಳುಗಟ್ಟಲೆ ಉಳಿಯಬಹುದು. ಅಂಗುಳಿನ ಸಣ್ಣ ಲಾಲಾಗ್ರಂಥಿಗಳಿಗೆ ರಕ್ತ ಸಾಲದೆ ಏಳುವ ಹುಣ್ಣೂ ಕ್ಯಾನ್ಸರನ್ನೇ ಹೋಲುತ್ತದೆ. ಸಾಮಾನ್ಯವಾಗಿ 6ರಿಂದ 10 ವಾರದಲ್ಲಿ ತಾನೇ ಮಾಯುತ್ತದೆ.

ಇವನ್ನು ಬರಿಗಣ್ಣಿನಿಂದ ಬೇರ್ಪಡಿಸಲಾಗದು. ಚೂಪು ಹಲ್ಲನ್ನು ದಂತವೈದ್ಯರಲ್ಲಿ ನಯ ಮಾಡಿಸಿ. 2 ವಾರದಲ್ಲಿ ಮಾಯದಿದ್ದರೆ ಬಯಾಪ್ಸಿ ಬೇಕೇ ಬೇಕು. ಹೊಗೆಸೊಪ್ಪು, ಗುಟ್ಕಾ ಹಾಕುವವರಂತೂ ಹುಣ್ಣು ಕಂಡಾಗಲೇ ತೋರಿಸಿ. ವೈದ್ಯರು ಚೂರನ್ನು ಅಂಚಿನಿಂದ, ಸ್ನಾಯು ಸಿಗುವಷ್ಟು ಆಳಕ್ಕೆ ತೆಗೆದು, ಕೆಡದಂತೆ ಇಡುವ 10% ಫಾರ್ಮಲಿನ್ ದ್ರವದಲ್ಲಿ ಹಾಕಬೇಕು. ಬರೀ ನಡುವಿನಿಂದ ತೆಗೆದರೆ ಸಿಗುವುದು ಸತ್ತ ಪೊರೆ, ಅದರಿಂದ ಏನೂ ತಿಳಿಯದು. ಇಯೊಸಿನೊಫಿಲಿಕ್ ಹುಣ್ಣು ಎಷ್ಟೋ ಸಲ ಬಯಾಪ್ಸಿ ಆದ ಮೇಲೆಯೇ ಮಾಯತೊಡಗುತ್ತದೆ.

ಅದೇ ಸಂದೇಶದಲ್ಲಿ ಸುಣ್ಣ ಹಚ್ಚಿ ಎಂದೂ ಇದೆ. ಬೇಡವೇ ಬೇಡ. ಸುಣ್ಣ ಬಾಯಿಯ ಚರ್ಮವನ್ನು ಸುಡುತ್ತದೆ, ಆಮೇಲೆ ಮೂಲ ಹುಣ್ಣು ಯಾವುದು, ಸುಟ್ಟ ಗಾಯ ಯಾವುದು ಎಂದು ವೈದ್ಯರಿಗೂ ಗುರುತಿಸುವುದು ಕಷ್ಟ.